ಚಿಕ್ಕೋಡಿಯಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಗೆದ್ದವರು: ಅಮೆರಿಕದ ‘ಎಂಪಿ’ ಚುನಾವಣೆ ನಡೆಯೋದು ಹೀಗೆ

2023ರಲ್ಲಿ ಒಂದು ದಿನ ಗೋಕಾಕದ ನನ್ನ ಸೋದರಮಾವ ಫೋನ್ ಮಾಡಿದರು. “ನಿಮ್ಮ ಕಡೆ ನಮ್ಮ ಚಿಕ್ಕೋಡಿ ಮಂದಿ ಒಬ್ರು ಎಂಪಿ ಆಗ್ಯಾರಂತಲ್ಲ, ಅವ್ರಿಗೆ ಹೇಳಿ ನಿನ್ನ ವೀಸಾದ ಕೆಲ್ಸ ಮಾಡಿಸ್ಕೊಳ್ಳಾಕ ಬರೂದಿಲ್ಲೇನು?” ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಫೋಟೊ ಕಳಿಸಿದ್ದರಂತೆ. ನಾನು ನಕ್ಕು, “ಮಾವಾ, ಅವರು ನನ್ನ ಕ್ಷೇತ್ರದವರಲ್ಲ” ಅಂದೆ. “ಹಂಗಂದ್ರ ನಿಂದು ಯಾವ ಕ್ಷೇತ್ರ?” ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವರ್ಷದಿಂದ ಮಿಷಿಗನ್‌ನಲ್ಲಿ ಟ್ಯಾಕ್ಸ್ ಕಟ್ಟುತ್ತಿದ್ದೆ. ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಯಾರಿಗೆ ಟಿಕೆಟ್ ಸಿಗಬಹುದು ಅಂತ ಚರ್ಚೆ ಮಾಡುತ್ತಿದ್ದೆ. ನಾನು ಮಲಗಿ ಏಳುವ ಮನೆ ಯಾರ ಕ್ಷೇತ್ರದಲ್ಲಿದೆ ಅಂತ ಮಾತ್ರ ಗೊತ್ತಿರಲಿಲ್ಲ. ನಿಮ್ಮಲ್ಲೂ ಅರ್ಧ ಜನರ ಕಥೆ ಇದೇ ಇರಬಹುದು, ಅಲ್ವಾ? ಅದಕ್ಕೇ ಈ ಬರಹ. ಮಾವ ಕೇಳಿದ ಆ ಚಿಕ್ಕೋಡಿಯವರ ಕಥೆಯನ್ನೇ ಹಿಡಿದು ಹೇಳುತ್ತೇನೆ. ಅವರ ಚುನಾವಣೆಗಳಲ್ಲಿ ಇಲ್ಲಿನ ಪದ್ಧತಿಯ ಎಲ್ಲ ತಿರುವುಗಳೂ ಸಿಗುತ್ತವೆ.

ಅವರ ಹೆಸರು ಶ್ರೀ ಥಾನೇದಾರ್. ಇಲ್ಲಿ ‘ಶ್ರೀ’ ಅನ್ನೋದು ಗೌರವಕ್ಕೆ ಹಾಕಿದ್ದಲ್ಲ, ಅದೇ ಹೆಸರು. ಮರ್ಯಾದೆ ಕೊಟ್ಟು ಬರೆಯಬೇಕೆಂದರೆ ‘ಶ್ರೀ ಶ್ರೀ’ ಅನ್ನಬೇಕು, ಅದು ಮಠದ ಸ್ವಾಮಿಗಳಂತೆ ಕೇಳಿಸುತ್ತದೆ. 1955ರ ಫೆಬ್ರುವರಿಯಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದರು. ಆಗ ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ, ಅವರ ಆತ್ಮಕಥೆ ಬಂದದ್ದೂ ಮರಾಠಿಯಲ್ಲೇ. ಹಾಗಾಗಿ ‘ನಮ್ಮ ಕನ್ನಡಿಗ’ ಅಂತ ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ತಡೆಯಿರಿ. ನಮ್ಮ ಗಡಿ ಜಿಲ್ಲೆಯವರು ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ.

1979ರಲ್ಲಿ ಓದಲು ಅಮೆರಿಕಕ್ಕೆ ಬಂದರು. ಒಹಾಯೊದ ಆ್ಯಕ್ರನ್ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. 1988ರಲ್ಲಿ ಇಲ್ಲಿನ ಪೌರರಾದರು. ಸೇಂಟ್ ಲೂಯಿಸ್‌ನಲ್ಲಿ ‘ಕೆಮಿರ್’ ಅನ್ನುವ ಸಣ್ಣ ಲ್ಯಾಬ್ ಒಂದನ್ನು ಸಾಲ ಮಾಡಿ ಕೊಂಡು ದೊಡ್ಡದು ಮಾಡಿದರು. 2010ರಲ್ಲಿ ಸಾಲ ತೀರದೆ ಬ್ಯಾಂಕು ಎಲ್ಲವನ್ನೂ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಮಿಷಿಗನ್‌ನ ಆ್ಯನ್ ಆರ್ಬರ್‌ಗೆ ಬಂದು ‘ಅವೊಮೀನ್’ ಅನ್ನುವ ಇನ್ನೊಂದು ಲ್ಯಾಬ್ ಶುರು ಮಾಡಿದರು. 2016ರಲ್ಲಿ ಅದರ ದೊಡ್ಡ ಪಾಲು ಮಾರಿದರು. ಕೈಯಲ್ಲಿ ದುಡ್ಡಿತ್ತು, ರಾಜಕೀಯಕ್ಕೆ ಇಳಿದರು.

ಇಳಿದದ್ದೇ ನೇರವಾಗಿ ಗವರ್ನರ್ ಹುದ್ದೆಗೆ. ನಮ್ಮಲ್ಲಾದರೆ ಗ್ರಾಮ ಪಂಚಾಯಿತಿಯನ್ನೂ ಗೆಲ್ಲದವರು ಮುಖ್ಯಮಂತ್ರಿ ಕುರ್ಚಿಗೆ ಅರ್ಜಿ ಹಾಕಿದ ಹಾಗೆ. 2018ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ತಮ್ಮದೇ 1 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು 17.7 ಪ್ರತಿಶತ ಮತ ಪಡೆದು ಮೂರನೆಯವರಾದರು. ಗೆದ್ದವರು ಗ್ರೆಚೆನ್ ವಿಟ್ಮರ್. ಸೋತರೂ ಟಿವಿ ಜಾಹೀರಾತಿನಿಂದ ಹೆಸರು ಮನೆಮನೆಗೆ ಹೋಗಿತ್ತು. ಆಮೇಲೆ ಡೆಟ್ರಾಯಿಟ್‌ಗೆ ಮನೆ ಬದಲಿಸಿದರು. 2020ರಲ್ಲಿ ರಾಜ್ಯದ ಶಾಸಕರಾದರು, 2022ರಲ್ಲಿ ಕಾಂಗ್ರೆಸ್‌ಗೆ ಗೆದ್ದರು.

‘ಕಾಂಗ್ರೆಸ್’ ಅಂದರೆ ಇಲ್ಲಿ ಪಕ್ಷ ಅಲ್ಲ, ಸಂಸತ್ತು. ಊರಲ್ಲಿ ಯಾರಿಗಾದರೂ ‘ನಮ್ಮ ಕಾಂಗ್ರೆಸ್‌ಮನ್ ರಿಪಬ್ಲಿಕನ್ ಪಾರ್ಟಿ’ ಅಂತ ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ. ಸಂಸತ್ತಿನಲ್ಲಿ ಎರಡು ಮನೆ. ಸೆನೆಟ್‌ಗೆ ಪ್ರತಿ ರಾಜ್ಯದಿಂದ ಇಬ್ಬರು, ಆರು ವರ್ಷದ ಅವಧಿ. ಹೌಸ್‌ಗೆ ಒಟ್ಟು 435 ಜನ, ಅವಧಿ ಬರೀ ಎರಡು ವರ್ಷ. ಹೌಸ್ ಸದಸ್ಯರೇ ನಮ್ಮ ಲೋಕಸಭಾ ಸದಸ್ಯರಿಗೆ ಹತ್ತಿರ. ವಯಸ್ಸು 25 ಆಗಿರಬೇಕು, ಪೌರತ್ವ ಸಿಕ್ಕು ಏಳು ವರ್ಷವಾಗಿರಬೇಕು, ಆ ರಾಜ್ಯದಲ್ಲಿ ವಾಸವಿರಬೇಕು. ಅಷ್ಟೇ. ಕ್ಷೇತ್ರದೊಳಗೇ ಮನೆ ಇರಬೇಕು ಅಂತ ಸಂವಿಧಾನ ಹೇಳುವುದಿಲ್ಲ. ಆದರೆ ಜನ ಕೇಳುತ್ತಾರೆ. ಥಾನೇದಾರ್ ಅವರನ್ನೂ ‘ಹೊರಗಿನವರು’ ಅಂತ ಇವತ್ತಿಗೂ ಕುಟುಕುವವರಿದ್ದಾರೆ.

ಎರಡು ವರ್ಷದ ಅವಧಿ ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಜನವರಿಯಲ್ಲಿ ಪ್ರಮಾಣವಚನ. ಮುಂದಿನ ವರ್ಷ ವಸಂತಕ್ಕೆ ನಾಮಪತ್ರಕ್ಕಾಗಿ ಮತ್ತೆ ಮತದಾರರ ಸಹಿ ಸಂಗ್ರಹ, ಬೇಸಿಗೆಗೆ ಪ್ರೈಮರಿ, ನವೆಂಬರ್‌ಗೆ ಅಂತಿಮ ಚುನಾವಣೆ. ಇವರಿಗೆ ಉಸಿರಾಡೋಕೆ ಸಿಗೋದು ಹೆಚ್ಚೆಂದರೆ ಒಂದು ವರ್ಷ. ಇಲ್ಲಿನ ರಾಜಕಾರಣಿಗಳು ಯಾವಾಗಲೂ ದುಡ್ಡು ಕೇಳುವ ಇಮೇಲ್ ಯಾಕೆ ಕಳಿಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ಈಗ ಕ್ಷೇತ್ರದ ವಿಷಯ. ಥಾನೇದಾರ್ ಗೆದ್ದ ಮಿಷಿಗನ್‌ನ 13ನೇ ಕ್ಷೇತ್ರದಲ್ಲಿ ಡೆಟ್ರಾಯಿಟ್ ನಗರದ ದೊಡ್ಡ ಭಾಗವಿದೆ. ಸುತ್ತಲೂ ಡೆಟ್ರಾಯಿಟ್ ಇದ್ದು ನಡುವೆ ದ್ವೀಪದಂತೆ ಕೂತ ಹ್ಯಾಮ್‌ಟ್ರಾಮಿಕ್ ಇದೆ. ಯೆಮೆನ್ ಮತ್ತು ಬಾಂಗ್ಲಾದೇಶದಿಂದ ಬಂದವರು ಅಲ್ಲಿ ಜಾಸ್ತಿ. ಸರೋವರದ ದಂಡೆಯ ಶ್ರೀಮಂತ ಗ್ರೋಸ್ ಪಾಯಿಂಟ್ ಊರುಗಳೂ ಇದರಲ್ಲೇ, ನದಿ ಹರಿದುಹೋಗುವ ಕಡೆಯ ಕಾರ್ಮಿಕರ ಊರುಗಳಾದ ಎಕೋರ್ಸ್, ರಿವರ್ ರೂಜ್, ಲಿಂಕನ್ ಪಾರ್ಕ್, ಟೇಲರ್ ಕೂಡ ಇದರಲ್ಲೇ. ನಮ್ಮ ಕನ್ನಡದ ಜನ ಜಾಸ್ತಿ ಇರುವ ನೋವೈ, ಟ್ರಾಯ್, ಕ್ಯಾಂಟನ್ ಯಾವುದೂ ಇದರೊಳಗೆ ಬರುವುದಿಲ್ಲ. 2002ರಲ್ಲಿ ಡೆಟ್ರಾಯಿಟ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ನಡೆದಾಗ ಬಂದವರಲ್ಲಿ ಬಹಳ ಜನರಿಗೆ ‘ಡೆಟ್ರಾಯಿಟ್’ ಅಂದರೆ ಉಪನಗರಗಳೇ. ಈಗಲೂ ಹಾಗೇ. ಊರಿಗೆ ಫೋನಿನಲ್ಲಿ ‘ಡೆಟ್ರಾಯಿಟ್‌ನಲ್ಲಿದೀವಿ’ ಅನ್ನುತ್ತೇವೆ, ಮತಪತ್ರದಲ್ಲಿ ಬೇರೆಯವರ ಹೆಸರು ಬರುತ್ತದೆ.

ಡೆಟ್ರಾಯಿಟ್‌ನಲ್ಲಿ ಮುಕ್ಕಾಲು ಪಾಲು ಜನ ಕಪ್ಪು ಸಮುದಾಯದವರು. 1955ರಲ್ಲಿ, ಅಂದರೆ ಥಾನೇದಾರ್ ಹುಟ್ಟಿದ ವರ್ಷವೇ, ಆ ಸಮುದಾಯದ ಚಾರ್ಲ್ಸ್ ಡಿಗ್ಸ್ ಇಲ್ಲಿಂದ ಕಾಂಗ್ರೆಸ್ ಸೇರಿದರು. ಆಮೇಲೆ ಅದೇ ಸಮುದಾಯದ ಜಾನ್ ಕಾನ್ಯರ್ಸ್ 1965ರಿಂದ 2017ರವರೆಗೆ ಕೂತರು. 2023ರಲ್ಲಿ ಥಾನೇದಾರ್ ಪ್ರಮಾಣವಚನ ತೆಗೆದುಕೊಂಡಾಗ, ಸುಮಾರು ಏಳು ದಶಕದಲ್ಲಿ ಮೊದಲ ಬಾರಿಗೆ ಡೆಟ್ರಾಯಿಟ್‌ಗೆ ಹೌಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ನಮಗೆ ಇದು ಹೆಮ್ಮೆಯ ಸುದ್ದಿಯಾಗಿ ಬಂತು. ಅಲ್ಲಿನ ಬಹಳ ಮನೆಗಳಲ್ಲಿ ಅದು ಕಳೆದುಕೊಂಡ ಸುದ್ದಿ. ವಾಟ್ಸ್‌ಆ್ಯಪ್ ಫೋಟೊದಲ್ಲಿ ಈ ಭಾಗ ಇರಲಿಲ್ಲ.

ಗಡಿ ಎಳೆದದ್ದು ಯಾರು? 2020ರ ಜನಗಣತಿಯ ನಂತರ ಮಿಷಿಗನ್‌ಗೆ ಒಂದು ಸೀಟು ಕಮ್ಮಿಯಾಗಿ 14 ಇದ್ದದ್ದು 13 ಆಯಿತು. ಒಂದೊಂದು ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ. ಹತ್ತು ವರ್ಷಕ್ಕೊಮ್ಮೆ ಹೀಗೆ ಗೆರೆ ಬದಲಾಗುತ್ತದೆ. ಬಹಳ ರಾಜ್ಯಗಳಲ್ಲಿ ಆ ಗೆರೆ ಎಳೆಯುವವರು ಶಾಸಕರೇ. ತಮ್ಮ ಹೊಲದ ಬದುವನ್ನು ತಾವೇ ಸರಿಸಿಕೊಂಡ ಹಾಗೆ. ಮಿಷಿಗನ್ ಮತದಾರರು 2018ರಲ್ಲಿ ಆ ಕೆಲಸವನ್ನು ಸಾಮಾನ್ಯ ಪೌರರ ಆಯೋಗಕ್ಕೆ ಕೊಟ್ಟರು. ಗಮನಿಸಿ: ಆ 7.75 ಲಕ್ಷದ ಲೆಕ್ಕದಲ್ಲಿ ಮಕ್ಕಳೂ ಇದ್ದಾರೆ, ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಬಂದವರೂ ಇದ್ದಾರೆ. ಮತ ಇಲ್ಲದಿದ್ದರೂ ನೀವು ಲೆಕ್ಕದಲ್ಲಿದ್ದೀರಿ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ನಮಗೆ ಅರ್ಥವಾಗೋಕೆ ಜಾಸ್ತಿ ಹೊತ್ತು ಹಿಡಿಯುವುದು ಟಿಕೆಟ್ ವಿಷಯ. ಚಿಕ್ಕೋಡಿಯಲ್ಲಿ 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ ನಿಂತರು, ಅಣ್ಣಾಸಾಹೇಬ ಜೊಲ್ಲೆ ಅವರನ್ನು ಸೋಲಿಸಿದರು. ಇಬ್ಬರ ಹೆಸರೂ ದಿಲ್ಲಿಯಿಂದ ಪಟ್ಟಿಯಾಗಿ ಬಂದದ್ದು. ಇಲ್ಲಿ ಆ ಪಟ್ಟಿ ಇಲ್ಲ, ಹೈಕಮಾಂಡ್ ಇಲ್ಲ, ಬಿ ಫಾರ್ಮ್ ಇಲ್ಲ. ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಇನ್ನೊಂದು ಚುನಾವಣೆ ಮಾಡಿ ಆರಿಸುತ್ತಾರೆ. ಅದೇ ಪ್ರೈಮರಿ. 13ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಬಲ ಎಷ್ಟಿದೆ ಅಂದರೆ, ನವೆಂಬರ್ ಬರೀ ಶಾಸ್ತ್ರ. ನಿಜವಾದ ಕುಸ್ತಿ ಆಗಸ್ಟ್‌ನಲ್ಲೇ ಮುಗಿದಿರುತ್ತದೆ.

2022ರ ಪ್ರೈಮರಿಯಲ್ಲಿ ಒಂಬತ್ತು ಜನ ನಿಂತಿದ್ದರು. ಥಾನೇದಾರ್‌ಗೆ ಬಂದದ್ದು 28 ಪ್ರತಿಶತ. ಗೆದ್ದರು! ಮಿಷಿಗನ್‌ನಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು. ಉಳಿದ ಮತ ಎಂಟು ಜನರಲ್ಲಿ ಹಂಚಿಹೋಯಿತು. ಟೆಕ್ಸಸ್‌ನಲ್ಲಾಗಿದ್ದರೆ ಅರ್ಧ ದಾಟಬೇಕಿತ್ತು, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಕ್ಯಾಲಿಫೋರ್ನಿಯಾದಲ್ಲಿ ಪಕ್ಷ ಯಾವುದೇ ಇರಲಿ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಅವರಿಬ್ಬರೂ ಒಂದೇ ಪಕ್ಷದವರಾಗಿರಬಹುದು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಮೊದಲೇ ಆ ಪಕ್ಷದ ಹೆಸರಲ್ಲಿ ನೋಂದಾಯಿಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿ. ಹಾಗಾಗಿ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನ ಗೆಳೆಯ ಹೇಳಿದ ನಿಯಮವನ್ನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಂಬಬೇಡಿ. ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

ಇನ್ನು ನಾಮಪತ್ರ. ಲೋಕಸಭೆಗೆ 25,000 ರೂಪಾಯಿ ಠೇವಣಿ ಇಡುತ್ತೇವೆ. ಮಿಷಿಗನ್‌ನಲ್ಲಿ ಹೌಸ್‌ಗೆ ನಿಲ್ಲೋಕೆ ಬೇಕಾದ್ದು 1,000 ಮತದಾರರ ಸಹಿ. 2024ರ ವಸಂತದಲ್ಲಿ ಒಂದು ಶನಿವಾರ ತರಕಾರಿ ತರಲು ಡೆಟ್ರಾಯಿಟ್‌ನ ಈಸ್ಟರ್ನ್ ಮಾರ್ಕೆಟ್‌ಗೆ ಹೋಗಿದ್ದೆ. ಶೆಡ್ಡಿನ ಬಾಗಿಲಲ್ಲಿ ಒಬ್ಬ ಹುಡುಗ ರಟ್ಟಿನ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದ. ದಾರದಲ್ಲಿ ಕಟ್ಟಿದ ಪೆನ್ನು, ಚಳಿಗೆ ಬೆರಳು ಕೆಂಪಾಗಿತ್ತು. “ಸಾರ್, ಡೆಟ್ರಾಯಿಟ್‌ನಲ್ಲಿ ನೋಂದಾಯಿತ ಮತದಾರರಾ?” ಅಂತ ಕೇಳಿದ. ಇಲ್ಲ, ನಾನು ಪೌರನೇ ಅಲ್ಲ ಅಂದೆ. ಬೇಸರ ಮಾಡಿಕೊಳ್ಳದೆ ಪೆನ್ನು ಹಿಂದಕ್ಕೆ ಎಳೆದುಕೊಂಡ. “ಹಾಗಾದರೆ ದಯವಿಟ್ಟು ಮುಟ್ಟಬೇಡಿ, ಒಂದು ತಪ್ಪು ಸಹಿಯಿಂದ ನಮಗೇ ತೊಂದರೆ” ಅಂದ. ಆಗ ನನಗದು ಅತಿ ಅನ್ನಿಸಿತು.

ಕೆಲವೇ ವಾರಗಳಲ್ಲಿ ಅದು ಅತಿ ಅಲ್ಲ ಅಂತ ಗೊತ್ತಾಯಿತು. 2022ರಲ್ಲಿ ಎರಡನೆಯವರಾಗಿದ್ದ ಆ್ಯಡಮ್ ಹಾಲಿಯರ್ ಮತ್ತೆ ಎದುರು ನಿಂತಿದ್ದರು. ಎಲ್ಲರೂ ಅವರನ್ನೇ ಗಟ್ಟಿ ಎದುರಾಳಿ ಅನ್ನುತ್ತಿದ್ದರು. ಥಾನೇದಾರ್ ಕಡೆಯವರು ಹಾಲಿಯರ್ ಸಹಿಗಳ ಮೇಲೆ ಆಕ್ಷೇಪ ಸಲ್ಲಿಸಿದರು. ಕೌಂಟಿ ಕ್ಲರ್ಕ್, ಅಂದರೆ ಅಲ್ಲಿನ ಚುನಾವಣೆ ನೋಡಿಕೊಳ್ಳುವ ಅಧಿಕಾರಿ, ಒಂದೊಂದಾಗಿ ಎಣಿಸಿದಾಗ ಸರಿಯಾದವು ಉಳಿದದ್ದು 863. ಒಂದೇ ಕೈಬರಹದ ಸಾಲುಸಾಲು ಸಹಿಗಳಿದ್ದವು. ಹಾಲಿಯರ್ ಹೆಸರು ಮತಪತ್ರಕ್ಕೇ ಬರಲಿಲ್ಲ. ಥಾನೇದಾರ್ ಅರ್ಧಕ್ಕಿಂತ ಜಾಸ್ತಿ ಮತದಿಂದ ಪ್ರೈಮರಿ ಗೆದ್ದರು. ನವೆಂಬರ್‌ನಲ್ಲಿ ಎದುರಾಳಿ ಮಾರ್ಟೆಲ್ ಬಿವಿಂಗ್ಸ್ ಅವರನ್ನು ಎರಡನೇ ಸಲ ಸೋಲಿಸಿದರು. ಕೂಲಿಗೆ ಸಹಿ ತರಿಸಿದರೆ ಹೀಗೂ ಆಗುತ್ತದೆ.

ದುಡ್ಡಿನ ನಿಯಮ ಕೇಳಿದರೆ ನಮ್ಮವರು ಬೆಚ್ಚಿಬೀಳುತ್ತಾರೆ. ಲೋಕಸಭಾ ಅಭ್ಯರ್ಥಿಯ ಖರ್ಚಿಗೆ ಕರ್ನಾಟಕದಂಥ ರಾಜ್ಯದಲ್ಲಿ 95 ಲಕ್ಷ ರೂಪಾಯಿ ಮಿತಿ ಇದೆ, ಕಾಗದದ ಮೇಲಾದರೂ. ಇಲ್ಲಿ ಖರ್ಚಿಗೆ ಮಿತಿಯೇ ಇಲ್ಲ. ಸ್ವಂತ ದುಡ್ಡು ಎಷ್ಟು ಬೇಕಾದರೂ ಹಾಕಬಹುದು, 1976ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಮಿತಿ ಇರುವುದು ಬೇರೆಯವರು ಅಭ್ಯರ್ಥಿಗೆ ಕೊಡುವುದಕ್ಕೆ: 2025-26ರಲ್ಲಿ ಒಬ್ಬರು ಒಂದು ಚುನಾವಣೆಗೆ 3,500 ಡಾಲರ್, ಪ್ರೈಮರಿಗೆ ಬೇರೆ, ನವೆಂಬರ್‌ಗೆ ಬೇರೆ. ಇನ್ನು ‘ಸೂಪರ್ ಪ್ಯಾಕ್’ ಅನ್ನುವ ಗುಂಪುಗಳು ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ ಹೊರಗಿನಿಂದ ಎಷ್ಟಾದರೂ ಸುರಿಯಬಹುದು. 2022ರಲ್ಲಿ ಅಂಥದ್ದೊಂದು ಗುಂಪು ಹಾಲಿಯರ್ ಪರ 40 ಲಕ್ಷ ಡಾಲರ್‌ಗೂ ಮೇಲೆ ಖರ್ಚು ಮಾಡಿತು. ಥಾನೇದಾರ್ ತಮ್ಮ ಜೇಬಿನಿಂದ ಲಕ್ಷಗಟ್ಟಲೆ ಡಾಲರ್ ಹಾಕಿದರು. ನಡುವೆ ಸಾಮಾನ್ಯ ಅಭ್ಯರ್ಥಿ ಬಡವಾದ. ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೇ.

ಪ್ರೈಮರಿ ಭಯ ಸದಸ್ಯರನ್ನು ಹೇಗೆ ಕುಣಿಸುತ್ತದೆ ನೋಡಿ. 2025ರ ಏಪ್ರಿಲ್ ಕೊನೆಯಲ್ಲಿ ಡಾನವನ್ ಮೆಕಿನ್ನಿ ಅನ್ನುವ ಯುವ ರಾಜ್ಯ ಶಾಸಕ ಥಾನೇದಾರ್ ವಿರುದ್ಧ ಪ್ರೈಮರಿಗೆ ಇಳಿದರು. ಎಡಪಂಥದ ಜಸ್ಟಿಸ್ ಡೆಮಾಕ್ರಟ್ಸ್ ಗುಂಪು ಅವರ ಬೆನ್ನಿಗಿತ್ತು, ಬರ್ನಿ ಸ್ಯಾಂಡರ್ಸ್ ಬೆಂಬಲವೂ ಸಿಕ್ಕಿತು. ಅದೇ ಹೊತ್ತಿಗೆ ಥಾನೇದಾರ್ ಅಧ್ಯಕ್ಷ ಟ್ರಂಪ್ ಮೇಲೆ ಏಳು ಆರೋಪಗಳ ಮಹಾಭಿಯೋಗ ಮಂಡಿಸಿದರು. ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕಿಸಲು ಹೊರಟಾಗ ಸ್ವಂತ ಪಕ್ಷದವರೇ ಸಿಡಿದರು. ಕೊನೆಗೆ ಹಿಂದೆ ಸರಿದರು. ಸಿದ್ಧಾಂತವೋ, ಆಗಸ್ಟ್ ಲೆಕ್ಕವೋ? ಎರಡೂ ಇರಬಹುದು. 2026ರ ಮಿಷಿಗನ್ ಪ್ರೈಮರಿಗೆ ಗೊತ್ತು ಮಾಡಿದ ದಿನ ಆಗಸ್ಟ್ 4. ಹಾಲಿ ಸದಸ್ಯರು ಹೆದರುವುದು ಎದುರು ಪಕ್ಷಕ್ಕಲ್ಲ, ತಮ್ಮದೇ ಮನೆಯ ಹಿಂದಿನ ಬಾಗಿಲಿಗೆ.

ಮಾವನ ಪ್ರಶ್ನೆಗೆ ಈಗ ಬರೋಣ. ವೀಸಾ ಕೆಲಸ ‘ಮಾಡಿಸಿಕೊಳ್ಳೋಕೆ’ ಬರುತ್ತಾ?

ವಶೀಲಿ ನಡೆಯುವುದಿಲ್ಲ. ಆದರೆ ಪ್ರತಿ ಸದಸ್ಯರ ಕ್ಷೇತ್ರದ ಕಚೇರಿಯಲ್ಲೂ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ಸಿಕ್ಕಿಕೊಂಡ ಕಡತಗಳನ್ನು ವಿಚಾರಿಸುವುದಕ್ಕೇ ಸಿಬ್ಬಂದಿ ಇರುತ್ತಾರೆ. ಇಮಿಗ್ರೇಷನ್, ಪಾಸ್‌ಪೋರ್ಟ್, ಟ್ಯಾಕ್ಸ್ ರಿಫಂಡ್, ಸೋಷಿಯಲ್ ಸೆಕ್ಯುರಿಟಿ ಎಲ್ಲ ಇದರಲ್ಲಿ ಬರುತ್ತವೆ. ಊರಿಗೆ ಹೋದಾಗ ಚೆನ್ನೈನಲ್ಲಿ ವೀಸಾ ಸ್ಟ್ಯಾಂಪಿಂಗ್ ಸಿಕ್ಕಿಕೊಂಡರೂ ಕೇಳಬಹುದು. ನಿಮಗೆ ಮತವಿರಬೇಕಿಲ್ಲ. ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ನನ್ನ ಹೆಂಡತಿಯ ವರ್ಕ್ ಪರ್ಮಿಟ್ ನವೀಕರಣ ತಿಂಗಳುಗಟ್ಟಲೆ ಅಲುಗಾಡದೆ, ಕೆಲಸವೇ ಹೋಗುವ ಸ್ಥಿತಿ ಬಂದಾಗ ನಮ್ಮ ಕ್ಷೇತ್ರದ ಕಚೇರಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದು ಹೆಸರಲ್ಲ, ಮನೆ ವಿಳಾಸ. ಆಮೇಲೆ ಒಂದು ಪುಟದ ಒಪ್ಪಿಗೆ ಪತ್ರ ಕಳಿಸಿದರು. ಅವಳ ಕಡತ ನೋಡಲು ಅವಳೇ ಸಹಿ ಮಾಡಬೇಕು, ಗಂಡ ಮಾಡಿದರೆ ನಡೆಯುವುದಿಲ್ಲ. ರಸೀತಿ ನಂಬರ್, ಅರ್ಜಿ ಹಾಕಿದ ದಿನ, ಕೆಲಸ ಹೋಗುತ್ತದೆ ಅನ್ನುವ ಕಂಪನಿಯ ಪತ್ರ, ಮೂರನ್ನೂ ಜೋಡಿಸಿದೆವು. ಹನ್ನೊಂದನೇ ದಿನ ಉತ್ತರ ಬಂತು. ‘ವಿಚಾರಿಸಿದ್ದೇವೆ, ಅಧಿಕಾರಿಯ ಬಳಿ ಹೋಗಿದೆ’, ಇಷ್ಟೇ. ಆ ಇಷ್ಟಕ್ಕೇ ಕಡತ ಅಲುಗಾಡಿತು.

ಅವರು ಮಂಜೂರು ಮಾಡಿ ಅಂತ ಹೇಳುವಂತಿಲ್ಲ, ಕೇಳಬಹುದು ಅಷ್ಟೇ. ಕೋರ್ಟ್ ಕೇಸಿಗೆ ಕೈ ಹಾಕುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ತಕರಾರು ರಾಜ್ಯದ್ದು, ರಸ್ತೆಯ ಹಿಮ ತೆಗೆಯದಿದ್ದರೆ ಅದು ಊರಿನ ಆಡಳಿತದ್ದು. ಸಾಗರೋತ್ತರ ಭಾರತೀಯರ ಓಸಿಐ ಕಾರ್ಡು ನಮ್ಮದೇ ಕಾನ್ಸುಲೇಟಿನ ಪಾಡು. ಚಿಕ್ಕೋಡಿಯವರು ಅಂತ ಥಾನೇದಾರ್ ಕಚೇರಿಗೆ ನೋವೈನಿಂದ ಫೋನ್ ಮಾಡಿದರೆ ಅವರು ವಿನಯದಿಂದ ನಿಮ್ಮ ಸದಸ್ಯರ ನಂಬರ್ ಕೊಡುತ್ತಾರೆ. ನಿಮ್ಮವರು ಯಾರು ಅಂತ ಹೌಸ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಜಿಪ್ ಕೋಡ್ ಹಾಕಿ ನೋಡಿ. ಒಂದೇ ಜಿಪ್ ಎರಡು ಕ್ಷೇತ್ರಕ್ಕೆ ಹಂಚಿರುವುದುಂಟು, ಆಗ ಪೂರ್ತಿ ವಿಳಾಸ ಕೇಳುತ್ತದೆ. ಮನೆಯಲ್ಲಿ ಕೋಡಿಂಗ್ ಮಾಡುವ ಹೈಸ್ಕೂಲ್ ಮಕ್ಕಳಿದ್ದರೆ, ಕಾಂಗ್ರೆಷನಲ್ ಆ್ಯಪ್ ಚಾಲೆಂಜ್ ಅನ್ನುವ ಮಕ್ಕಳ ಸ್ಪರ್ಧೆ ನಡೆಯುವುದೂ ಕ್ಷೇತ್ರದ ಲೆಕ್ಕದಲ್ಲೇ. ಇದನ್ನು ನಮ್ಮ ಅಪ್ಪ ಅಮ್ಮಂದಿರು ಹೇಗೋ ಎಲ್ಲಕ್ಕಿಂತ ಮೊದಲೇ ಪತ್ತೆ ಮಾಡಿರುತ್ತಾರೆ.

ಎಚ್ಚರಿಕೆಯ ಮಾತು ಎರಡಿವೆ, ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೈಸೆನ್ಸ್ ಮಾಡಿಸುವ ಕೌಂಟರಿನಲ್ಲಿ ‘ಮತದಾರರಾಗಿ ನೋಂದಾಯಿಸಲಾ?’ ಅಂತ ಅಭ್ಯಾಸದಲ್ಲಿ ಕೇಳುತ್ತಾರೆ. ಪೌರತ್ವ ಇಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ, ಉತ್ತರ ‘ಬೇಡ’. ಸುಮ್ನೆ ಹೂಂ ಅಂದು ಸಹಿ ಹಾಕಿದರೆ ಮುಂದೆ ಪೌರತ್ವವೇ ಕೈತಪ್ಪಬಹುದು, ದೇಶ ಬಿಡಬೇಕಾಗಲೂಬಹುದು. ಇನ್ನೊಂದು ದೇಣಿಗೆ. ಗ್ರೀನ್ ಕಾರ್ಡ್ ಇರುವವರು ಕೊಡಬಹುದು. ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ವೀಸಾ ಮೇಲಿರುವವರು ಒಂದು ಡಾಲರನ್ನೂ ಕೊಡುವಂತಿಲ್ಲ. ಪ್ರಚಾರದ ಟೀ ಶರ್ಟ್ ಕೊಂಡರೂ ಅದು ದೇಣಿಗೆಯೇ. ನಿಮ್ಮ ದುಡ್ಡನ್ನು ಪೌರನಾದ ತಮ್ಮನ ಹೆಸರಲ್ಲಿ ಕೊಡಿಸುವುದು ಇನ್ನೂ ದೊಡ್ಡ ಅಪರಾಧ. ಸಂಬಳವಿಲ್ಲದೆ ಹೋಗಿ ಕರಪತ್ರ ಹಂಚಲು, ಫೋನ್ ಮಾಡಲು ಅಡ್ಡಿಯಿಲ್ಲ. ಮತ್ತೆ, 200 ಡಾಲರ್ ದಾಟಿ ಕೊಟ್ಟವರ ಹೆಸರು, ಊರು, ಕೆಲಸ ಮಾಡುವ ಕಂಪನಿ ಎಲ್ಲವೂ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದುವಂತೆ ಇರುತ್ತವೆ. ಗೆಳೆಯರು ಹುಡುಕುತ್ತಾರೆ. ನಾನೂ ಹುಡುಕಿದ್ದೇನೆ.

ಕನ್ನಡ ಕೂಟದ ಸಮಿತಿಯವರಿಗೂ ಒಂದು ಮಾತು. ತೆರಿಗೆ ವಿನಾಯಿತಿ ಇರುವ ಕೂಟ ಯಾವ ಅಭ್ಯರ್ಥಿಯ ಪರವೂ ಮಾತಾಡುವಂತಿಲ್ಲ. ರಾಜ್ಯೋತ್ಸವಕ್ಕೆ ಸದಸ್ಯರನ್ನು ಕರೆದು ಶಾಲು ಹೊದಿಸಿ, ಅವರು ಕೊಡುವ ಅಭಿನಂದನಾ ಪತ್ರ ತೆಗೆದುಕೊಳ್ಳಿ, ತಪ್ಪಿಲ್ಲ. ಮೈಕ್ ಹಿಡಿದು ‘ಎಲ್ಲರೂ ಇವರಿಗೇ ಮತ ಹಾಕಿ’ ಅಂದರೆ ಕೂಟದ ವಿನಾಯಿತಿಗೇ ಕುತ್ತು.

ಕೊನೆಗೆ ಮತಗಟ್ಟೆ. ಕ್ಯಾಂಟನ್‌ನಲ್ಲಿರುವ ನನ್ನ ಅತ್ತಿಗೆ ಪೌರತ್ವ ಸಿಕ್ಕ ಮೇಲೆ 2024ರ ಆಗಸ್ಟ್‌ನಲ್ಲಿ ಮೊದಲ ಸಲ ಮತ ಹಾಕಿದರು. ಮಿಷಿಗನ್ ಪ್ರೈಮರಿ ಮತಪತ್ರದಲ್ಲಿ ಎರಡೂ ಪಕ್ಷಗಳ ಕಾಲಂ ಅಕ್ಕಪಕ್ಕ ಇರುತ್ತವೆ. ಮೊದಲೇ ಪಕ್ಷ ಹೇಳಬೇಕಿಲ್ಲ, ಒಳಗೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ಆದರೆ ಒಂದೇ. ಅತ್ತಿಗೆ ಎರಡೂ ಕಡೆ ತಮಗೆ ಸರಿ ಕಂಡವರಿಗೆ ಶ್ರದ್ಧೆಯಿಂದ ಗುರುತು ಹಾಕಿ ಹಾಳೆಯನ್ನು ಯಂತ್ರಕ್ಕೆ ಕೊಟ್ಟರು. ಯಂತ್ರ ಕೂಗಿ ಹಾಳೆಯನ್ನು ಹೊರಗೆ ತಳ್ಳಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಹಾಳೆಯನ್ನು ಓದದೆ ಮಡಚಿಸಿ, “ಎರಡು ದೋಣಿಯಲ್ಲಿ ಕಾಲಿಟ್ಟಿರಿ ಅನಿಸುತ್ತೆ” ಅನ್ನುವ ಅರ್ಥದಲ್ಲಿ ಏನೋ ಹೇಳಿ ಹೊಸ ಹಾಳೆ ಕೊಟ್ಟರು. ಅತ್ತಿಗೆ ಮತ್ತೆ ಕೂತು, ಈ ಸಲ ಒಂದೇ ಕಾಲಂನಲ್ಲಿ ಗುರುತು ಹಾಕಿದರು. ಯಂತ್ರ ಸದ್ದಿಲ್ಲದೆ ನುಂಗಿತು.